ಕಿವಿ ಕೇಳಿಸದ ಮಾವನೂ ನನ್ನ ಸಬ್‌ವೂಫರೂ

ಇಡೀ ದೊಡ್ಡಬಳ್ಳಾಪುರದಲ್ಲಿ ಸೌಂಡಿನ ವಿಷಯ ಸರಿಯಾಗಿ ಗೊತ್ತಿರೋರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ನನ್ನ ಹೆಂಡತಿಯ ಅಪ್ಪ, ನಮ್ಮ ಮಾವ. ಅವರಿಗೆ ಕಿವಿ ಕೇಳಿಸಲ್ಲ. ನಗಬೇಡಿ. ಮೊದಲು ನಾನೂ ನಕ್ಕಿದ್ದೆ. ಕಾರಿಗೆ ಸಬ್‌ವೂಫರು, ಆಂಪ್ಲಿಫೈಯರು ಆರಿಸೋಕೆ ಹೋದ ದಿನ ನಮ್ಮಿಬ್ಬರಲ್ಲಿ ಯಾರು ಕಿವುಡ ಅನ್ನೋದು ಗೊತ್ತಾಯ್ತು. ಅದನ್ನ ಊರಲ್ಲಿ ಬೇರೆಯವರು ಹೇಳೋಕೆ ಮುಂಚೆ ನಾನೇ ಹೇಳಿಬಿಡೋದು ವಾಸಿ.

ನನ್ನ ಯೋಗ್ಯತೆ ಮೊದಲು ಹೇಳ್ತೀನಿ, ಬೇಗ ಮುಗೀತದೆ. ಸೋಂಪುರದ ಒಂದು ಫ್ಯಾಕ್ಟರೀಲಿ ನಾನು ಕ್ವಾಲಿಟಿ ವಿಭಾಗದಲ್ಲಿದೀನಿ. ಕ್ವಾಲಿಟಿ ಅಂದ ತಕ್ಷಣ ಏನೋ ಭಾರೀ ಅಂದ್ಕೋಬೇಡಿ. ಪ್ಲಾಸ್ಟಿಕ್ ಡಬ್ಬಕ್ಕೆ ಮುಚ್ಚಳ ಬಿಗಿಯಾಗಿ ಕೂತಿದೆಯಾ ಇಲ್ವಾ ಅಂತ ತಿರುಗಿಸಿ ನೋಡೋ ಕೆಲಸ. ವರ್ಷಾನುಗಟ್ಟಲೆ ಮುಚ್ಚಳ ತಿರುಗಿಸಿ ತಿರುಗಿಸಿ, ಪ್ರಪಂಚದಲ್ಲಿ ಯಾವುದರ ಕ್ವಾಲಿಟಿ ಬೇಕಾದ್ರೂ ನಾನು ಹೇಳಬಲ್ಲೆ ಅನ್ನೋ ಧೈರ್ಯ ಬಂದುಬಿಟ್ಟಿದೆ. ಮದುವೆಮನೆ ಸಾರು, ಪಕ್ಕದ ಮನೆ ಗೋಡೆಯ ಬಣ್ಣ, ಬಾವಿಯ ನೀರು, ಯಾವುದನ್ನೂ ಬಿಟ್ಟಿಲ್ಲ. ಹೀಗೆ ಮುಂದುವರೀತಾ ಮುಂದುವರೀತಾ ಸೌಂಡಿನ ಹತ್ತಿರ ಬಂದು ನಿಂತೆ.

ಮೊಬೈಲಲ್ಲಿ ವಿಡಿಯೋ ನೋಡಿ ನೋಡಿ ನನ್ನದು ಚಿನ್ನದ ಕಿವಿ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ನನ್ನ ಹೆಂಡತಿ ಇದನ್ನ ಒಂದು ದಿನ ಪರೀಕ್ಷೆ ಮಾಡಿದ್ಲು. ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ, ನಾನು ಸೆಟ್ಟಿಂಗ್ ಬದಲಾಯಿಸ್ತೀನಿ, ನೀವು ಹೇಳಿ ಅಂದ್ಲು. ಕೂತೆ. ಹಾಡು ಶುರುವಾಯ್ತು. "ಈಗ?" ಅಂದ್ಲು. ಈಗ ಬೇಸ್ ಸ್ವಲ್ಪ ಹರಡ್ಕೊಂಡಿದೆ ಅಂದೆ. "ಈಗ?" ಅಂದ್ಲು. ಆಹಾ, ಈಗ ಬಿಗಿಯಾಯ್ತು, ಗಾಯಕ ಎದುರಿಗೇ ಕೂತ ಹಾಗಿದೆ ಅಂದೆ. ಕಣ್ಣು ಬಿಟ್ಟು ನೋಡಿದ್ರೆ ಅವಳು ಆಚೆ ಮೂಲೇಲಿ ಕೂತು ಹುರುಳೀಕಾಯಿ ಬಿಡಿಸ್ತಿದ್ಲು. ಸೆಟ್ಟಿಂಗ್ ಕಡೆ ಕೈಯೇ ಹಾಕಿರಲಿಲ್ಲ! ಅವತ್ತಿಂದ ನಮ್ಮನೇಲಿ ಏನಾದರೂ ಬಿಗಿಯಾದ್ರೆ ಸಾಕು, ಗಾಯಕ ಎದುರಿಗೇ ಕೂತ ಹಾಗಿದೆಯಾ ಅಂತ ಕೇಳ್ತಾಳೆ.

ಈಗ ಮಾವನ ವಿಷಯ. ನಲವತ್ತು ವರ್ಷ ಅವರು ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗ ನಡೆಸಿದೋರು. ಈಗಲೂ ನಡೆಸ್ತಾರೆ. ಮಗ್ಗದ ಶೆಡ್ಡಿನೊಳಗೆ ನೀವು ಯಾವತ್ತಾದರೂ ನಿಂತಿದ್ರೆ ಗೊತ್ತಿರ್ತದೆ, ಅಲ್ಲಿ ಮಾತು ಅನ್ನೋದು ಬಾಯಿಂದ ಹೊರಟು ಮೂಗಿನ ಹತ್ತಿರವೇ ಸತ್ತುಹೋಗ್ತದೆ. ಲಟಕ್ ಪಟಕ್ ಲಟಕ್ ಪಟಕ್ ಅಂತ ಲಾಳಿ ಆ ಕಡೆಯಿಂದ ಈ ಕಡೆಗೆ ಹೊಡೆಯೋ ಹೊಡೆತಕ್ಕೆ ಅವರ ಕಿವಿ ಸ್ವಲ್ಪ ಸ್ವಲ್ಪವೇ ಸವೆದುಹೋಗಿದೆ. ದಪ್ಪ ಸದ್ದು ಒಂದಿಷ್ಟು ತಿಳೀತದೆ, ಸಣ್ಣ ಸದ್ದು ಒಳಗೇ ಹೋಗಲ್ಲ. ಮಗ್ಗ ಓಡ್ತಿದ್ರೆ ಪಕ್ಕದ ಕೋಣೇಲಿ ನಿದ್ದೆ ಮಾಡ್ತಾರೆ. ಕರೆಂಟ್ ಹೋಗಿ ಮಗ್ಗ ನಿಂತ್ರೆ ಎದ್ದು ಕೂತು, "ಏನದು ಸದ್ದು?" ಅಂತ ಕೇಳ್ತಾರೆ.

ಕಿವಿಗೆ ಮಿಷನ್ ಹಾಕಿಸಿದ್ವಿ. ಅದು ಬೀರುವಿನಲ್ಲಿ ಅತ್ತೆಯ ರೇಷ್ಮೆ ಸೀರೆಗಳ ಪಕ್ಕ ಭದ್ರವಾಗಿದೆ. ಹಾಕ್ಕೊಳ್ಳಿ ಮಾವ ಅಂದ್ರೆ, "ಹಾಕ್ಕೊಂಡ್ರೆ ಎಲ್ಲಾರ ಮಾತೂ ಬಂದುಬಿಡ್ತದೆ ಅಳೀಂದ್ರೆ" ಅಂತಾರೆ. ಕಾರಲ್ಲಂತೂ ಅದು ಹಾರನ್ನು, ಗಾಳಿ, ಲಾರಿ, ಎಲ್ಲಾ ಕಲೆಸಿ ತಲೆಯೊಳಗೆ ಸುರೀತದಂತೆ.

ಆದ್ರೆ ಕಿವಿ ಹೋದ ಮನುಷ್ಯನಿಗೆ ಕಾಲು ಕೇಳಿಸೋಕೆ ಶುರುವಾಗಿದೆ! ನಾನು ಸುಳ್ಳು ಹೇಳ್ತಿಲ್ಲ. ಮಗ್ಗದ ಮನೇಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲದ ಮೇಲೆ ನಿಲ್ತಾರೆ. ಕಣ್ಣು ಬೇರೆಲ್ಲೋ ಇರ್ತದೆ. ಇದ್ದಕ್ಕಿದ್ದ ಹಾಗೆ, ಮೂರನೇ ಮಗ್ಗದ ಬೋಲ್ಟು ನೋಡ್ರೋ ಅಂತಾರೆ. ಹೋಗಿ ನೋಡಿದ್ರೆ ಸಡಿಲ ಆಗಿರ್ತದೆ. ನಾಲ್ಕು ಮಗ್ಗ ಒಟ್ಟಿಗೆ ಕುಣೀತಿದ್ರೂ ಯಾವುದರ ಹೆಜ್ಜೆ ತಪ್ಪಿದೆ ಅಂತ ಅಂಗಾಲು ಹೇಳಿಬಿಡ್ತದೆ. ಇದೇ ಆಧಾರದ ಮೇಲೆ ಅವರು ಸೌಂಡಿನ ತಜ್ಞರು. ಅವರೇ ಹಾಗೆ ಹೇಳ್ಕೊಂಡಿರೋದು.

ಅತ್ತೆಯೂ ಅದೇ ಶೆಡ್ಡಲ್ಲಿ ಕಂಡಿಕೆಗೆ ನೂಲು ಸುತ್ತುತಾ ಬದುಕು ಸಾಗಿಸಿದೋರು. ಕಂಡಿಕೆ ಅಂದ್ರೆ ಲಾಳಿಯೊಳಗೆ ಕೂರೋ ಪುಟ್ಟ ಕಡ್ಡಿ. ಮದುವೆಯಾದ ಹೊಸದರಲ್ಲಿ ಇಬ್ಬರೂ ಆಡಿದ ಮಾತೆಲ್ಲ ಕೈಯಲ್ಲೇ ಅಂತೆ. ಕಿರುಬೆರಳು ಬಾಗಿಸಿದ್ರೆ ಎಳೆ ಹರೀತು ಅಂತ, ಹೆಬ್ಬೆರಳು ತುಟಿಗೆ ಮುಟ್ಟಿಸಿದ್ರೆ ಟೀ, ಎರಡು ಬೆರಳು ಕೆನ್ನೆ ಮೇಲಿಟ್ಟರೆ ಶೆಡ್ಡಿನ ಯಜಮಾನ ಬರ್ತಿದ್ದಾನೆ ಅಂತ. ಮಿಕ್ಕಿದ್ದನ್ನೆಲ್ಲ ತುಟಿ ನೋಡಿ ತಿಳ್ಕೊಳ್ಳೋದು. ಈಗಲೂ ಎದುರಾಬದುರು ಕೂತ್ರೆ ಮಾವನಿಗೆ ಅತ್ತೆಯ ಮಾತು ಅರ್ಥ ಆಗದೇ ಇರೋದಿಲ್ಲ. ಆದ್ರೆ ಎದುರಾಬದುರು ಕೂರೋದು ಯಾವಾಗ ಹೇಳಿ? ಅವರು ಮಗ್ಗದ ಹತ್ತಿರ, ಇವರು ಒಲೆ ಹತ್ತಿರ. ಇಬ್ಬರೂ ಒಟ್ಟಿಗೆ, ಕೈಯಲ್ಲಿ ಕೆಲಸ ಇಲ್ಲದೆ ಕೂರೋ ಜಾಗ ಈ ಲೋಕದಲ್ಲಿ ಒಂದೇ. ಅದು ನನ್ನ ಕಾರು.

ಎರಡು ವಾರಕ್ಕೊಂದು ಭಾನುವಾರ ನಾವು ತ್ಯಾಮಗೊಂಡ್ಲಿಗೆ ಹೋಗ್ತೀವಿ. ಅಲ್ಲಿ ಅತ್ತೆಯ ತಂಗಿ ಮನೆ ಇದೆ. ಕಾರಲ್ಲಿ ಕೂರೋ ಕ್ರಮ ಹೀಗೆ: ನಾನು ಓಡಿಸ್ತೀನಿ. ನಲವತ್ತು ವರ್ಷ ನಿಂತೇ ಕೆಲಸ ಮಾಡಿದ್ದಕ್ಕೆ ಮಾವನ ಬಲಮಂಡಿ ಮಡಚಲ್ಲ, ಅದಕ್ಕೇ ಅವರಿಗೆ ಮುಂದಿನ ಸೀಟು. ನನ್ನ ಹಿಂದೆ ಅತ್ತೆ. ಅವರ ಪಕ್ಕ ನನ್ನ ಹೆಂಡತಿ, ಕಾರಿನ ಬಾಗಿಲು ಹಾಕಿದ ಸದ್ದಿಗೇ ಅವಳಿಗೆ ನಿದ್ದೆ ಬರ್ತದೆ.

ತೊಂದರೆ ಶುರುವಾಗೋದು ಇಲ್ಲಿ. ಅತ್ತೆ ಮನೇಲಿ ಮಾವನ್ನ ಕರೆದ್ರೆ ಬಸ್‌ಸ್ಟಾಂಡಲ್ಲಿ ನಿಂತೋರು ತಿರುಗಿ ನೋಡ್ತಾರೆ. ಆದ್ರೆ ಅಳಿಯನ ಎದುರಿಗೆ ಅತ್ತೆಯಾದವಳು ಜೋರಾಗಿ ಮಾತಾಡಬಾರದು ಅನ್ನೋದು ಅವರು ಹಿಡಿದಿರೋ ಪದ್ಧತಿ. ನಾನು ಮನೆಯೊಳಗೆ ಕಾಲಿಟ್ಟರೆ ಸಾಕು, ಸೆರಗು ಮೇಲಕ್ಕೆ ಹೋಗ್ತದೆ, ದನಿ ಕೆಳಕ್ಕಿಳೀತದೆ. ಎಷ್ಟು ಹೇಳಿದ್ರೂ ಬಿಡಲ್ಲ. ಕಾರಲ್ಲಿ ಅವರು ಮಾತಾಡೋದು ಪಿಸುಪಿಸು ಅಂತ. ಮಾತು ಮಾತ್ರ ಕಮ್ಮಿ ಇಲ್ಲ. ತಂಗಿ ಮನೆ ಹಸು, ತಂಗಿ ಮಗಳಿಗೆ ಬಂದ ಸಂಬಂಧ, ತೆಂಗಿನಮರಕ್ಕೆ ಬಂದ ರೋಗ, ಎಲ್ಲಾ ಮಾವನಿಗೇ ಹೇಳೋದು. ಹಿಂದಿನ ಸೀಟಿನಿಂದ, ಪಿಸುಮಾತಲ್ಲಿ, ಕಿವಿ ಕೇಳಿಸದ ಮನುಷ್ಯನಿಗೆ!

ಮಾವ ನನ್ನ ಕಡೆ ತಿರುಗಿ, "ಏನಂದ್ಲು?" ಅಂತಾರೆ.

ಹೀಗೆ ನಾನು ದುಭಾಷಿ ಆದೆ. ಭಾಷೆ ಎರಡೂ ಕಡೆ ಕನ್ನಡವೇ, ಕೆಲಸ ಜೋರಾಗಿ ಹೇಳೋದು ಅಷ್ಟೇ. ಮೊದಮೊದಲು ಶ್ರದ್ಧೆಯಿಂದ ಮಾಡಿದೆ. ಆಮೇಲೆ ಗಂಟಲು ನೋವು ಬಂತು. ಆಮೇಲೆ ಸೋಮಾರಿತನ ಬಂತು. ದೊಡ್ಡಬೆಳವಂಗಲ ದಾಟೋವರೆಗೂ ಅತ್ತೆ ಒಂದೇ ಸಮ ಮಾತಾಡಿರ್ತಾರೆ, ಮಾವ "ಏನಂದ್ಲು?" ಅಂತಾರೆ, ನಾನು ಸ್ಟೇರಿಂಗ್ ಹಿಡ್ಕೊಂಡೇ, "ಏನಿಲ್ಲ ಮಾವ, ಬಿಸಿಲು ಅಂದ್ರು" ಅಂತ ಕೂಗ್ತೀನಿ. ಒಂದು ಸಲ ಹಾಗೇ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಮಾವ ಕಿಟಕಿಯಾಚೆ ನೋಡಿದ್ರು. ಧೋ ಅಂತ ಮಳೆ ಹೊಯ್ಯುತ್ತಿತ್ತು.

ಇನ್ನೊಂದು ಚಾಳಿ ಅವರದ್ದು. ಕಾರು ಹತ್ತಿ ಕೂತ ತಕ್ಷಣ ಒಳಗಿನ ಕನ್ನಡೀನ ತಮ್ಮ ಕಡೆಗೆ ತಿರುಗಿಸ್ಕೊಂಡುಬಿಡ್ತಾರೆ. ಹಿಂದೆ ಬರೋ ಗಾಡಿ ನನಗೆ ಕಾಣಲ್ಲ. ನಾನು ನನ್ನ ಕಡೆ ತಿರುಗಿಸ್ಕೊಳ್ತೀನಿ. ಸ್ವಲ್ಪ ಹೊತ್ತಿಗೆ ಮತ್ತೆ ಆ ಕಡೆ. ಮೀಸೆ ನೋಡ್ಕೊಳ್ಳೋಕೆ ಅಂತ ನನ್ನ ಲೆಕ್ಕ. ಅವರದ್ದು ಒಳ್ಳೇ ಹುರಿ ಮಾಡಿದ ಮೀಸೆ, ನೋಡ್ಕೊಳ್ಳಲಿ ಪಾಪ, ಆದ್ರೆ ತ್ಯಾಮಗೊಂಡ್ಲಿನವರೆಗೂ ನೋಡ್ಕೊಳ್ಳೋವಷ್ಟು ಏನಿರ್ತದೆ? ಫ್ಯಾಕ್ಟರಿ ಕ್ಯಾಂಟೀನಲ್ಲಿ ಇದನ್ನ ನಾನು ಕೈ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದೀನಿ. ಅದನ್ನ ನೆನೆಸ್ಕೊಂಡ್ರೆ ಈಗ ಮೈಯೆಲ್ಲ ಹಿಡಿಯಾಗ್ತದೆ.

ಇಂಥಾ ಕಾರಿಗೆ ಒಳ್ಳೇ ಸೌಂಡ್ ಹಾಕಿಸಬೇಕು ಅಂತ ನಾನು ಹೊರಟಿದ್ದು. ಸುಮ್ಮನೆ ಹೊರಡಲಿಲ್ಲ, ತಿಂಗಳುಗಟ್ಟಲೆ ಓದಿಕೊಂಡೆ. ಆಂಪ್ಲಿಫೈಯರಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರೋ ವಾಟ್ ನಂಬಬಾರದು, ಅದು ಒಂದು ಕ್ಷಣ ಉಸಿರು ಬಿಗಿಹಿಡಿದು ಕೂಗೋ ಶಕ್ತಿ. ಕೆಳಗೆ ಸಣ್ಣಕ್ಷರದಲ್ಲಿ ಆರ್‌ಎಂಎಸ್ ಅಂತಿರ್ತದೆ, ದಿನವಿಡೀ ಒಂದೇ ಸಮ ದುಡಿಯೋ ಶಕ್ತಿ, ಅದನ್ನ ನೋಡಬೇಕು. ಸಬ್‌ವೂಫರಿನ ಪೆಟ್ಟಿಗೇಲಿ ಎರಡು ಜಾತಿ. ತೂತಿರೋದು ಜೋರಾಗಿ ಗುಮ್ಮುತ್ತದೆ, ಪೂರ್ತಿ ಮುಚ್ಚಿರೋದು ಬಿಗಿಯಾಗಿ, ಅಚ್ಚುಕಟ್ಟಾಗಿ ಬರ್ತದೆ. ಮುಚ್ಚಳದೋನು ನಾನು, ಮುಚ್ಚಿರೋದೇ ನನ್ನ ಆಯ್ಕೆ. ಹನ್ನೆರಡು ಇಂಚಿನದು ಡಿಕ್ಕೀಲಿ ಇಡೋದು ಅಂತ ನಿಶ್ಚಯ ಆಯ್ತು. ಅಕ್ಕಿ ಮೂಟೆ ಎಲ್ಲಿಡ್ತೀರಾ ಅಂತ ಹೆಂಡತಿ ಕೇಳಿದ್ಲು. ಸಂಗೀತದ ಮುಂದೆ ಅಕ್ಕಿ ಯಾವ ಲೆಕ್ಕ ಅಂದೆ. ಅವತ್ತು ರಾತ್ರಿ ಊಟಕ್ಕೆ ಮುದ್ದೆ ಮಾತ್ರ ಇತ್ತು.

ಈ ಸುದ್ದಿ ಮಾವನಿಗೆ ಹೇಗೆ ಮುಟ್ಟಿತೋ. ಬೆಳಿಗ್ಗೆ ಎಂಟಕ್ಕೆ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ರು. "ನಾನೂ ಬರ್ತೀನಿ. ನಿಮಗೆ ಸೌಂಡು ತಿಳಿಯಲ್ಲ" ಅಂದ್ರು.

ಏನ್ಮಾಡ್ಲಿ? ಕಿವಿ ಕೇಳಿಸದೋರನ್ನ ಕೂರಿಸ್ಕೊಂಡು ಸೌಂಡು ಆರಿಸೋಕೆ ಹೋದೆ.

ಮೊದಲನೇ ಅಂಗಡಿ ನಮ್ಮೂರಲ್ಲೇ. ಅಂಗಡಿಯೋನು ಹನ್ನೆರಡು ಇಂಚಿನದನ್ನ ಹಚ್ಚಿದ. ಶಟರ್ ನಡುಗ್ತು, ಎದುರಿನ ಬೇಕರಿ ಗಾಜಿನ ಡಬ್ಬಗಳು ಕಿಣಿಕಿಣಿ ಅಂದ್ವು. ನಾನು ಕಣ್ಣು ಮುಚ್ಚಿ, ತಲೆ ಆಡಿಸಿ, ಲೋ ಎಂಡ್ ಚೆನ್ನಾಗಿದೆ, ಮಿಡ್ ಸ್ವಲ್ಪ ಮುಂದಕ್ಕೆ ಬರಬೇಕು ಅಂದೆ. ಅಂಗಡಿಯೋನು ಗೌರವದಿಂದ ಹೌದು ಸಾರ್ ಅಂದ. ಕಣ್ಣು ಬಿಟ್ಟು ನೋಡ್ತೀನಿ, ಮಾವ ಚಪ್ಪಲಿ ಬಿಟ್ಟು ಬರಿಗಾಲನ್ನ ಆ ಪೆಟ್ಟಿಗೆ ಮೇಲಿಟ್ಟು ನಿಂತಿದ್ದಾರೆ! ದೇವರ ಫೋಟೋಕ್ಕೆ ಕಾಲು ತಾಗಿದಷ್ಟು ಗಾಬರಿ ನನಗೆ. ತೆಗೀರಿ ಮಾವ ಅಂತ ಸನ್ನೆ ಮಾಡಿದೆ. ಅವರು ಕಾಲನ್ನ ನಿಧಾನಕ್ಕೆ ಬಲಕ್ಕೆ ಸರಿಸಿದ್ರು, ಹೆಬ್ಬೆರಳು ಊರಿದ್ರು. "ಈ ಮೂಲೆ ಸ್ಕ್ರೂ ಕಚ್ಚಿಲ್ಲ" ಅಂದ್ರು.

ಅಂಗಡಿಯೋನು ನಕ್ಕ. ನಾನೂ ಅವನ ಜೊತೆ ಸೇರ್ಕೊಂಡು ನಕ್ಕೆ. ಸುಮ್ಮನೆ ನೋಡೋಣ ಅಂತ ಸ್ಕ್ರೂಡ್ರೈವರ್ ಹಾಕಿದ್ರೆ, ಸ್ಕ್ರೂ ಗರಗರ ತಿರುಗ್ತು. ಆ ಸಂದಿಯಿಂದ ಗಾಳಿ ಸೋರ್ತಿತ್ತು. ಬಿಗಿ ಮಾಡಿದ ಮೇಲೆ ಸದ್ದೇ ಬದಲಾಯ್ತು. ಮುಚ್ಚಳ ಸಡಿಲ ಇರೋದನ್ನ ಕಂಡುಹಿಡಿಯೋಕೆ ಸಂಬಳ ತಗೊಳ್ಳೋನು ನಾನು, ಕಂಡುಹಿಡಿದೋರು ಅವರು! ಅಂಗಡಿಯೋನು ಅಲ್ಲಿಂದಾಚೆ ಹೌದು ಸಾರ್ ಅನ್ನೋದನ್ನ ಅವರ ಕಡೆ ತಿರುಗಿ ಅನ್ನೋಕೆ ಶುರು ಮಾಡಿದ.

ಅಷ್ಟಕ್ಕೇ ಬಿಟ್ಟಿದ್ರೆ ಆಗ್ತಿತ್ತು. ಮಾವ, ಇದ್ರಲ್ಲಿ ಮಾತು ಹೇಗೆ ಬರ್ತದೆ ಅಂತ ಕೇಳಿದ್ರು. ಅಂಗಡಿಯೋನು ಇನ್ನೊಂದು ಹಾಡು ಹಾಕಿದ. ಹಾಡಲ್ಲ, ಮಾತು ಅಂದ್ರು. ಅವನು ವಾರ್ತೆ ಹಾಕಿದ. ಒಬ್ಬ ಗಂಡಸು ಗಂಭೀರವಾಗಿ ಯಾವುದೋ ರಸ್ತೆ ಕಾಮಗಾರಿ ಬಗ್ಗೆ ಓದ್ತಿದ್ದ. ಜಗತ್ತಲ್ಲಿ ಯಾರಾದ್ರೂ ಹನ್ನೆರಡು ಇಂಚಿನ ಸಬ್‌ವೂಫರಲ್ಲಿ ವಾರ್ತೆ ಕೇಳಿದ್ದಾರಾ? ನಾನು ನಾಚಿಕೆಯಿಂದ ಹೊರಗೆ ನಿಂತ ಸ್ಕೂಟರುಗಳನ್ನ ನೋಡ್ತಾ ನಿಂತೆ. ಅಷ್ಟರಲ್ಲಿ ಮಾವ ಸ್ಪಷ್ಟವಾಗಿ, ಇಡೀ ಬೀದಿಗೆ ಕೇಳಿಸೋ ಹಾಗೆ, "ಗಂಡಸಿಂದು ಬೇಡ. ಹೆಂಗಸಿನ ದನಿ ಹಾಕಿ" ಅಂದ್ರು.

ಅಂಗಡಿಯೋನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ. ಅವನು ಮುಸಿಮುಸಿ ನಗ್ತಾ ಒಬ್ಬ ಹೆಣ್ಣುಮಗಳು ವಾರ್ತೆ ಓದೋದನ್ನ ಹಾಕಿದ. ಮಾವ ಪೆಟ್ಟಿಗೆ ಹತ್ತಿರ ಬಗ್ಗಿ, ಬಲಮಂಡಿ ಮಡಚಲ್ಲವಲ್ಲ, ಆ ಕಾಲನ್ನ ಪಕ್ಕಕ್ಕೆ ಚಾಚ್ಕೊಂಡು ಕಿವಿ ಇಟ್ಟು ಕೇಳಿದ್ರು. ಬಹಳ ಹೊತ್ತು ಕೇಳಿದ್ರು. ಆಮೇಲೆ ಎದ್ದು ಧೂಳು ಒದರಿಕೊಂಡು, ಇದು ಸದ್ದು ಮಾಡ್ತದೆ, ಮಾತಾಡಲ್ಲ ಅಂತ ತೀರ್ಪು ಕೊಟ್ಟು ಕಾರಲ್ಲಿ ಕೂತ್ಕೊಂಡ್ರು. ಕೂತೋರೇ ಕನ್ನಡೀನ ತಮ್ಮ ಕಡೆ ತಿರುಗಿಸ್ಕೊಂಡ್ರು. ಹಿಂದಿನ ಸೀಟಲ್ಲಿ ಅವತ್ತು ಯಾರೂ ಇರಲಿಲ್ಲ. ಅಭ್ಯಾಸ ಅನ್ಸುತ್ತೆ. ನಾನು ನನ್ನ ಕಡೆ ತಿರುಗಿಸ್ಕೊಂಡೆ.

ಎರಡನೇ ಅಂಗಡಿ ದೇವನಹಳ್ಳೀಲಿ. ಏರ್‌ಪೋರ್ಟ್ ಕ್ಯಾಬಿನೋರೆಲ್ಲ ಅಲ್ಲೇ ಹಾಕಿಸೋದು. ನಡೆಸೋನು ಒಬ್ಬ ಭಾಯ್, ನನ್ನ ವಯಸ್ಸಿನೋನೇ. ಅವನಪ್ಪ ಹಿಂದೆ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡ್ತಿದ್ದೋರಂತೆ. ಅಂಗಡಿಯ ಅಟ್ಟದ ಮೇಲೆ ಆ ಕಾಲದ ಹಾರನ್ ಸ್ಪೀಕರುಗಳು ಇನ್ನೂ ಬಾಯಿ ತೆರ್ಕೊಂಡು ಕೂತಿದ್ವು. ನಾನು ನನ್ನ ಪಟ್ಟಿ ತೆಗೆದು ಓದಿದೆ. ಹನ್ನೆರಡು ಇಂಚು, ಮುಚ್ಚಿದ ಪೆಟ್ಟಿಗೆ, ಆರ್‌ಎಂಎಸ್ ಇಷ್ಟು, ವೈರ್ ಇಷ್ಟು ದಪ್ಪ. ಭಾಯ್ ಪೂರ್ತಿ ಕೇಳಿಸ್ಕೊಂಡ, ನನ್ನ ಪುಟ್ಟ ಕಾರನ್ನ ಒಂದು ಸುತ್ತು ಹಾಕಿ ಬಂದ. "ಈ ಗಾಡಿಗೆ ಹನ್ನೆರಡಿಂಚು ನಕ್ಕೊ ಸಾಬ್, ಬೇಡ. ಡಿಕ್ಕಿ ಬಾಗಿಲೇ ಹಾಡುತ್ತೆ, ನಿಮ್ಮ ಸ್ಪೀಕರ್ ಅಲ್ಲ" ಅಂದ.

ಅವನು ತೋರಿಸಿದ್ದು ಸೀಟಿನ ಕೆಳಗೆ ಕೂರೋ ಚಪ್ಪಟೆ ಸಬ್‌ವೂಫರ್. ನೋಡೋಕೆ ರೊಟ್ಟಿ ಡಬ್ಬದ ಹಾಗಿತ್ತು. ಅದರ ಜೊತೆಗೆ ನಾಲ್ಕು ಚಾನೆಲಿನ ಒಂದು ಆಂಪ್ಲಿಫೈಯರ್. ಸದ್ದು ಕಮ್ಮಿ, ಆದ್ರೆ ಶುದ್ಧ ಅಂದ. ನಾನು ಮೂಗು ಮುರಿದೆ. ಮಾವ ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಟ್ರು. ಭಾಯ್ ನಗಲಿಲ್ಲ. ಅವನೂ ಬಗ್ಗಿ ಪಕ್ಕದಲ್ಲಿ ಅಂಗೈ ಇಟ್ಟ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆ ಆಡಿಸಿದ್ರು. ಹಾಡು ಮುಗಿಯೋವರೆಗೆ ನಾನೊಬ್ಬನೇ ಅಲ್ಲಿ ಕಿವಿಯಲ್ಲಿ ಕೇಳ್ತಾ ನಿಂತಿದ್ದೋನು. ನನಗೂ ಚೆನ್ನಾಗೇ ಕೇಳಿಸ್ತು, ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ ಅಷ್ಟೇ. ಕೊನೆಗೆ, ನಾನು ಹೇಳಬೇಕು ಅಂತಿದ್ದಿದ್ದೂ ಇದನ್ನೇ ಅಂತ ಹೇಳಿ ಮರ್ಯಾದೆ ಉಳಿಸ್ಕೊಂಡೆ.

ಫಿಟ್ಟಿಂಗಿಗೆ ಹೊತ್ತಾಗ್ತದೆ, ಟೀ ಕುಡಿದು ಬನ್ನಿ ಸಾಬ್ ಅಂದ ಭಾಯ್. ಮಾವ ಬರಲ್ಲ ಅಂದ್ರು. ನಾನು ಹೋಗಿ ಟೀ ಕುಡಿದು, ಕ್ಯಾಬ್ ಡ್ರೈವರುಗಳಿಗೆ ಆರ್‌ಎಂಎಸ್ ಅಂದ್ರೇನು ಅಂತ ಭಾಷಣ ಕೊಟ್ಟು, ಅವರೆಲ್ಲ ಒಬ್ಬೊಬ್ಬರಾಗಿ ಟ್ರಿಪ್ ಬಂತು ಅಂತ ಎದ್ದುಹೋದ ಮೇಲೆ ವಾಪಸ್ ಬಂದೆ. ಬಂದು ನೋಡಿದ್ರೆ ಕಾರಿನ ಮುಂದಿನ ಸೀಟು ಹೊರಗೆ ಬಿದ್ದಿತ್ತು. ಅದರ ತಲೆ ಒರಗಿಸೋ ಜಾಗದಲ್ಲಿ ಮಾವ ಪುಟ್ಟ ಸ್ಪೀಕರ್ ಒಂದನ್ನ ಹೊಲೀತಿದ್ದಾರೆ. ಹಿಂದಿನ ಸೀಟಿನಿಂದ ಒಂದು ಸಣ್ಣ ವೈರು ನೇತಾಡ್ತಿತ್ತು. ಅದರ ತುದೀಲಿ ಕಡಲೆಬೀಜದ ಗಾತ್ರದ ಒಂದು ಮೈಕು, ಕಾಲರಿಗೆ ಸಿಕ್ಕಿಸ್ಕೊಳ್ಳೋ ಥರದ್ದು.

ಇದೇನಿದು ಅಂತ ನಾನು ಕೇಳೋಕೆ ಮುಂಚೆ ಭಾಯ್ ಮೈಕ್ ಆನ್ ಮಾಡಿದ. ಕುಂಯ್ಯ್ಯ್ ಅಂತ ಒಂದು ಸದ್ದು ಬಂತು ನೋಡಿ! ಬೀದಿನಾಯಿ ಎದ್ದು ಓಡ್ತು. ಪಂಚರ್ ಅಂಗಡಿಯೋನು ಕೈಲಿದ್ದ ಸ್ಪ್ಯಾನರ್ ಬಿಸಾಡಿದ. ನಾನು ಎರಡೂ ಕಿವಿ ಮುಚ್ಕೊಂಡು ಕೂತ್ಬಿಟ್ಟೆ. ಆ ಸ್ಪೀಕರಿಗೆ ತಲೆ ಆನಿಸ್ಕೊಂಡಿದ್ದ ಮಾವ ಮಾತ್ರ ಶಾಂತವಾಗಿ, "ಏನಾದ್ರೂ ಬಂತಾ?" ಅಂತ ಕೇಳಿದ್ರು.

ಭಾಯ್ ಯಾವುದೋ ತಿರುಪು ತಿರುಗಿಸಿ ಆ ಕೂಗನ್ನ ನಿಲ್ಲಿಸಿದ. ಅಪ್ಪನ ಕಾಲದಿಂದ ಅದೇ ಕೆಲಸ, ಅವನಿಗೆ ಅದು ನೀರು ಕುಡಿದ ಹಾಗೆ. ನನಗೆ ಕೋಪ ಬಂದಿತ್ತು. ನನ್ನ ಕಾರು, ನನ್ನ ಆಂಪ್ಲಿಫೈಯರ್, ಅದರಲ್ಲಿ ಎರಡು ಚಾನೆಲ್ ಮೈಕಿಗೆ ಹೋಗಿದೆ. ಅದಲ್ಲದೆ ಮೈಕ್ ಆನ್ ಮಾಡಿದ್ರೆ ಹಾಡು ತಾನಾಗೇ ಬಂದ್ ಆಗೋ ಹಾಗೊಂದು ಸ್ವಿಚ್ಚು, ಆ ಸ್ವಿಚ್ಚು ಮಾವನ ಕೈಗೆ! ಸಬ್‌ವೂಫರ್ ಹಾಕಿಸಿದ ಕಾರಲ್ಲಿ ಮೈಕ್ ಸೆಟ್ ಯಾಕೆ, ದಾರೀಲಿ ಸೊಪ್ಪು ಮಾರ್ತೀವಾ ಅಂತ ಕೂಗಿದೆ. ಅಷ್ಟು ಜೋರಾಗಿ ಕೂಗಿದ್ದಕ್ಕೆ ಅದು ಮಾವನಿಗೂ ಕೇಳಿಸಿಬಿಡ್ತು.

ಅಳಿಯನಿಗೆ ಮಾವ ಗದರೋ ಹಾಗಿಲ್ಲ, ಏಕವಚನವೂ ಆಡೋ ಹಾಗಿಲ್ಲ, ಅದೂ ಒಂದು ಪದ್ಧತಿ. ಅವರು ಎದ್ದು ಹತ್ತಿರ ಬಂದ್ರು.

"ಕೋಪ ಮಾಡ್ಕೋಬೇಡಿ ಅಳೀಂದ್ರೆ, ಗಾಡಿ ನಿಮ್ದು. ಅವಳು ತ್ಯಾಮಗೊಂಡ್ಲಿಂದ ಮನೇಗಂಟ ಮಾತಾಡ್ತಾಳೆ. ತುಟಿ ಆಡೋದು ಕನ್ನಡೀಲಿ ಕಾಣ್ತದೆ. ಗಾಡಿ ಕುಣಿಯೋದಕ್ಕೆ ಓದೋಕಾಗಲ್ಲ. ನೀವು ಎರಡು ಮಾತು ಹೇಳ್ತೀರಾ. ಮಿಕ್ಕಿದ್ದು ಎಲ್ಲಿ ಹೋಯ್ತು ಅಂತ ನಾನು ಯಾರನ್ನ ಕೇಳಲಿ?"

ಭಾಯ್ ಕಾರಿನೊಳಗೆ ತಲೆ ತೂರಿಸ್ಕೊಂಡು ಕೆಲಸ ಮಾಡ್ತಿರೋ ಹಾಗೆ ನಟಿಸಿದ. ಮೀಸೆ ನೋಡ್ಕೊಳ್ತಾರೆ ಅಂತ ಕ್ಯಾಂಟೀನಲ್ಲಿ ಕೈ ಮಾಡಿ ತೋರಿಸಿದ್ದು ನೆನಪಾಯ್ತು. ಎಷ್ಟು ಭಾನುವಾರ, ಎಷ್ಟು ಸಲ ಆ ಕನ್ನಡೀನ ನನ್ನ ಕಡೆ ತಿರುಗಿಸ್ಕೊಂಡೆ ಅಂತ ನೆನಪಾಯ್ತು. ಮಳೇಲಿ ಬಿಸಿಲು ಅಂದಿದ್ದೂ ನೆನಪಾಯ್ತು.

ಮುಂದಿನ ಭಾನುವಾರ ತ್ಯಾಮಗೊಂಡ್ಲಿಗೆ ಹೊರಟ್ವಿ. ಅತ್ತೆ ಮೈಕ್ ನೋಡಿ ಹೌಹಾರಿದ್ರು. ಮೈಕಲ್ಲಿ ಮಾತಾಡೋಕೆ ನಾನೇನು ಎಲೆಕ್ಷನ್ನಿಗೆ ನಿಂತಿದೀನಾ ಅಂತ ಪಿಸುಗುಟ್ಟಿದ್ರು. ಹೋಗೋವಾಗ ಪೂರ್ತಿ ಬಾಯೇ ಬಿಡಲಿಲ್ಲ. ಮಾವ ಸ್ಪೀಕರಿಗೆ ತಲೆ ಆನಿಸ್ಕೊಂಡು, ಚಪ್ಪಲಿ ಬಿಟ್ಟು, ಪರೀಕ್ಷೆ ರಿಸಲ್ಟಿಗೆ ಕಾಯೋ ಹುಡುಗನ ಹಾಗೆ ಕೂತಿದ್ರು. ಏನಂದ್ಲು ಅಂತ ಅವತ್ತು ಒಂದು ಸಲವೂ ನನ್ನನ್ನ ಕೇಳಲಿಲ್ಲ.

ಬರೋವಾಗ ಸಂಜೆ. ಆಶ್ಚರ್ಯ, ನನ್ನ ಹೆಂಡತಿ ಎದ್ದಿದ್ಲು. ಅಮ್ಮನ ಸೆರಗಿಗೆ ಅವಳೇ ಮೈಕ್ ಸಿಕ್ಕಿಸಿದ್ಲು. ಜೋರಾಗಿ ಮಾತಾಡೋದೇ ಬೇಡಮ್ಮ, ನಿನ್ನ ಪಾಡಿಗೆ ನೀನು ಮೆಲ್ಲಗೇ ಹೇಳು ಅಂದ್ಲು. ಸ್ವಲ್ಪ ದೂರ ಬಂದ ಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡ್ರು. ಮಾವ ನೆಟ್ಟಗೆ ಕೂತ್ರು.

ಅತ್ತೆ ಶುರು ಮಾಡಿದ್ರು. ತಂಗಿ ಮನೆ ಹಸು ಕರು ಹಾಕಿದ್ದು, ಕರುವಿನ ಹಣೆ ಮೇಲೆ ಬಿಳಿ ಚುಕ್ಕೆ ಇರೋದು, ತಂಗಿ ಗಂಡ ಅದಕ್ಕೆ ಹೆಸರಿಡೋಕೆ ಮೂರು ದಿನದಿಂದ ಯೋಚನೆ ಮಾಡ್ತಿರೋದು. ಮಾವ ನಕ್ಕರು. ಯಾರೂ ತರ್ಜುಮೆ ಮಾಡದೆ, ಹೇಳಿದ ಕ್ಷಣಕ್ಕೇ ನಕ್ಕರು. ಇದನ್ನೆಲ್ಲ ನಾನು ಇಷ್ಟು ದಿನ ಏನಿಲ್ಲ ಅಂತ ಹೇಳ್ತಿದ್ದೆ. ನನ್ನ ರೊಟ್ಟಿ ಡಬ್ಬದ ಸಬ್‌ವೂಫರ್ ಸೀಟಿನ ಕೆಳಗೆ ಸುಮ್ಮನಿತ್ತು. ಅದಕ್ಕೆ ಬದಲು ಕಾರಲ್ಲಿ ಅತ್ತೆಯ ಪಿಸುಮಾತು ತುಂಬಿತ್ತು. ಅಷ್ಟು ಚೆಂದದ ದನಿ ಅವರದ್ದು ಅಂತ ಚಿನ್ನದ ಕಿವಿಯೋನಿಗೆ ಅವತ್ತೇ ಗೊತ್ತಾಗಿದ್ದು.

ದೊಡ್ಡಬೆಳವಂಗಲ ದಾಟಿದ ಮೇಲೆ ಅತ್ತೆ ಸೆರಗಿನ ಮೈಕನ್ನ ಬಾಯಿ ಹತ್ತಿರಕ್ಕೆ ಎಳ್ಕೊಂಡ್ರು. ಆಮೇಲೆ ಇನ್ನೂ ಮೆಲ್ಲಗೆ ಕೇಳಿದ್ರು.

"ಆ ಮನೆ ಮೆಟ್ಟಿಲು ಹತ್ತಿದ್ದಕ್ಕೆ ಮಂಡಿ ನೋಯ್ತಾ ಐತಾ? ಹೋದ ಸಲ ಬರೋವಾಗ್ಲೂ ಕೇಳಿದೆ. ಅದರ ಹಿಂದಿನ ಸಲಾನೂ ಕೇಳಿದೆ. ನೀವು ಏನೂ ಹೇಳಲಿಲ್ಲ. ನನ್ನ ಮೇಲೆ ಕೋಪ ಏನೋ ಅಂತ ಸುಮ್ಮನಾದೆ."

ಹೋದ ಸಲ ಅತ್ತೆ ಇದೇ ಜಾಗದಲ್ಲಿ ಏನೋ ಕೇಳಿದ್ದು ನಿಜ. ಮಾವ ಏನಂದ್ಲು ಅಂದಿದ್ದೂ ನಿಜ. ಬಿಸಿಲು ಅಂದ್ರು ಅಂತ ಹೇಳಿದೋನು ನಾನು. ಈಗ ಮಾವ ಒಂದೇ ಒಂದು ಮಾತು ಹೇಳಿದ್ರೆ ಸಾಕು, ಅಳಿಯ ನನಗೆ ಹೇಳಲೇ ಇಲ್ಲ ಕಣೇ ಅಂದ್ರೆ ಸಾಕು. ಅವರು ನನ್ನ ಕಡೆ ನೋಡಿದ್ರು. ಆಮೇಲೆ ಮುಂದೆ ರಸ್ತೆ ನೋಡ್ತಾ ಹೇಳಿದ್ರು.

"ನಂದೇ ಕಿವಿ ಸರಿಯಿಲ್ವಲ್ಲ ಕಣೇ, ಕೇಳಿಸಿರಲಿಲ್ಲ. ನಿನ್ನ ಮೇಲೆ ಎಂಥಾ ಕೋಪ. ಮಂಡಿ ಈಗ ವಾಸಿ ಐತೆ."

ನನಗೆ ಅಳು ಬಂತು. ನಾಚಿಕೆಯಿಂದಲೂ ಬಂತು, ಆ ಮನುಷ್ಯನ ಮೇಲಿನ ಪ್ರೀತಿಯಿಂದಲೂ ಬಂತು. ಕೈ ಎತ್ತಿ ಕನ್ನಡೀನ ಪೂರ್ತಿ ಅವರ ಕಡೆಗೆ, ಹಿಂದೆ ಅತ್ತೆಯ ಮುಖ ಕಾಣೋ ಹಾಗೆ ತಿರುಗಿಸಿದೆ. ಮಾವ ಅದನ್ನ ನೋಡಿದ್ರು. ಒಂದು ಗಳಿಗೆ ಅದರಲ್ಲಿ ಅತ್ತೆಯನ್ನ ನೋಡಿದ್ರು. ಆಮೇಲೆ ತಾವೇ ಕೈ ಚಾಚಿ, ಅದನ್ನ ಮೆಲ್ಲಗೆ ನನ್ನ ಕಡೆಗೆ ತಿರುಗಿಸಿದ್ರು.

"ನೀವು ಹಿಂದಿನ ಗಾಡಿ ನೋಡ್ಕೊಳ್ಳಿ ಅಳೀಂದ್ರೆ," ಅಂದ್ರು. "ನನಗೆ ಕೇಳಿಸ್ತಾ ಐತೆ."